ಕಾಲು ಇಂಚಿನ ಭಯ: ಒಗಟಾಗಿ ಬಂದ ಕಾದಂಬರಿಯಿಂದ ಓದುಗ ಏನು ಬಯಸಬೇಕು?

ಅಮೆರಿಕದ ವರ್ಜೀನಿಯಾದಲ್ಲಿ ಒಂದು ಮನೆ. ಹೊಸದಾಗಿ ಬಂದು ನೆಲೆಸಿದ ಕುಟುಂಬವೊಂದು ಮದುವೆಗೆಂದು ಪರಸ್ಥಳಕ್ಕೆ ಹೋಗಿ ಮರಳುತ್ತದೆ. ಬಂದು ನೋಡಿದರೆ, ಹಿರಿಯರ ಮಲಗುವ ಕೋಣೆಗೂ ಮಕ್ಕಳ ಕೋಣೆಗೂ ನಡುವೆ, ಹೋಗುವಾಗ ಇಲ್ಲದಿದ್ದ ಕಿರುಜಾಗವೊಂದು ಹುಟ್ಟಿಕೊಂಡಿದೆ. ಮನೆಯೊಡೆಯ ಅಳತೆ ಟೇಪು ಹಿಡಿಯುತ್ತಾನೆ. ಹೊರಗೋಡೆಯಿಂದ ಹೊರಗೋಡೆಗೆ ಇರುವ ಅಳತೆಗಿಂತ ಒಳಗಿನ ಅಳತೆ ಕಾಲು ಇಂಚು ಹೆಚ್ಚು ಬರುತ್ತದೆ. ಮತ್ತೆ ಅಳೆಯುತ್ತಾನೆ, ಅವಳಿ ಸೋದರನನ್ನು ಕರೆಸುತ್ತಾನೆ, ಎಂಜಿನಿಯರ್ ಗೆಳೆಯನನ್ನು ಕರೆಸುತ್ತಾನೆ. ಕಾಲು ಇಂಚು ಹೋಗುವುದಿಲ್ಲ. ರಕ್ತವಿಲ್ಲ, ಪ್ರೇತವಿಲ್ಲ, ಕಿರುಚಾಟವಿಲ್ಲ. ಆದರೂ ಓದುತ್ತಿರುವವರ ಬೆನ್ನಹುರಿಯಲ್ಲಿ ಚಳಿ ಹುಟ್ಟುತ್ತದೆ.

2000ದಲ್ಲಿ ಪ್ಯಾಂಥಿಯನ್ ಪ್ರಕಾಶನದಿಂದ ಬಂದ ಮಾರ್ಕ್ ಝಡ್. ಡ್ಯಾನಿಯೆಲೆವ್‌ಸ್ಕಿಯ ಮೊದಲ ಕಾದಂಬರಿ ‘ಹೌಸ್ ಆಫ್ ಲೀವ್ಸ್’ ಹೀಗೆ ಶುರುವಾಗುವ ಭಯವನ್ನು ಏಳುನೂರು ಪುಟಗಳ ತನಕ ಬೆಳೆಸುತ್ತದೆ. ಪ್ರಯೋಗಶೀಲ ಭಯಾನಕ ಕಾದಂಬರಿ ಎಂದರೆ ಇಂದು ಜಗತ್ತಿನ ಓದುಗರಿಗೆ ಮೊದಲು ನೆನಪಾಗುವ ಹೆಸರು ಇದು. ಅರ್ಧಕ್ಕೆ ಕೈಬಿಟ್ಟ ಪುಸ್ತಕಗಳ ಮಾತು ಬಂದಾಗಲೂ ಇದರ ಹೆಸರು ಬರುತ್ತದೆ. ಕೈಬಿಟ್ಟವರಲ್ಲಿ ಎರಡು ಬಗೆಯವರಿದ್ದಾರೆ. ಹೆದರಲೆಂದು ಬಂದವರಿಗೆ ಅಡಿಟಿಪ್ಪಣಿಗಳ ರಾಶಿ ಸಿಗುತ್ತದೆ. ಒಗಟು ಬಿಡಿಸಲೆಂದು ಬಂದವರಿಗೆ ಕೊನೆಯಲ್ಲಿ ಉತ್ತರದ ಪುಟ ಸಿಗುವುದಿಲ್ಲ. ಹಾಗಾದರೆ ಇಂಥ ಕಾದಂಬರಿಯಿಂದ ಏನನ್ನು ನಿರೀಕ್ಷಿಸುವುದು ನ್ಯಾಯ? ಯಾವುದನ್ನು ಕೇಳಿ ಪಡೆಯಬೇಕು, ಯಾವ ಆಸೆಯನ್ನು ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗಬೇಕು? ಈ ಬಗೆಯ ಕೃತಿಗಳು ಹೆಚ್ಚುತ್ತಿರುವ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಒಟ್ಟಾಗಿ ನೋಡುವುದು ಅಗತ್ಯ.

ಹಿಂದಿನ ದಾರಿ

ಪುಟವನ್ನೇ ಆಟದ ಮೈದಾನ ಮಾಡಿಕೊಳ್ಳುವುದು ಹೊಸ ವಿದ್ಯೆಯಲ್ಲ. ಲಾರೆನ್ಸ್ ಸ್ಟರ್ನ್ 1759ರಿಂದ 1767ರವರೆಗೆ ಸಂಪುಟ ಸಂಪುಟವಾಗಿ ಹೊರತಂದ ‘ಟ್ರಿಸ್ಟ್ರಮ್ ಶ್ಯಾಂಡಿ’ಯಲ್ಲಿ ಒಂದು ಸಾವಿನ ಸಂದರ್ಭಕ್ಕೆ ಪುಟವನ್ನು ಪೂರ್ತಿ ಕಪ್ಪಾಗಿ ಅಚ್ಚು ಮಾಡಿಸಿದ. ನಬೊಕೊವ್‌ನ ‘ಪೇಲ್ ಫೈರ್’ (1962) 999 ಸಾಲುಗಳ ಕವನ ಮತ್ತು ಅದಕ್ಕೊಬ್ಬ ಬರೆದ ವ್ಯಾಖ್ಯಾನ. ವ್ಯಾಖ್ಯಾನಕಾರ ಎಷ್ಟು ನಂಬಿಕಸ್ಥ ಎಂಬುದೇ ಅಲ್ಲಿನ ಕಥೆ. ಕೊರ್ತಾಸಾರ್‌ನ ‘ಹಾಪ್‌ಸ್ಕಾಚ್’ (1963) 155 ಅಧ್ಯಾಯಗಳನ್ನು ಮುಂದಿಟ್ಟು, ನೇರವಾಗಿ 56 ಓದಿ ನಿಲ್ಲಿಸಬಹುದು ಅಥವಾ ಲೇಖಕ ಕೊಟ್ಟ ಪಟ್ಟಿಯಂತೆ ಹಾರುತ್ತ ಓದಬಹುದು ಎನ್ನುತ್ತದೆ. ಬಿ. ಎಸ್. ಜಾನ್ಸನ್‌ನ ‘ದಿ ಅನ್‌ಫಾರ್ಚುನೇಟ್ಸ್’ (1969) ಪೆಟ್ಟಿಗೆಯೊಳಗಿನ 27 ಬಿಡಿ ಭಾಗಗಳು. ಮೊದಲನೆಯದು ಮತ್ತು ಕೊನೆಯದನ್ನು ಬಿಟ್ಟು ಉಳಿದವನ್ನು ಯಾವ ಕ್ರಮದಲ್ಲಾದರೂ ಓದಬಹುದು. ಕ್ಯಾನ್ಸರ್‌ನಿಂದ ತೀರಿಕೊಂಡ ಗೆಳೆಯನ ನೆನಪುಗಳು ಮನಸ್ಸಿಗೆ ಕ್ರಮ ತಪ್ಪಿ ಬರುವುದರಿಂದ ಪುಸ್ತಕವೂ ಕ್ರಮ ಬಿಟ್ಟಿದೆ. ಆಕಾರಕ್ಕೆ ಅಲ್ಲೊಂದು ಕಾರಣವಿದೆ.

ಭಯಾನಕ ಸಾಹಿತ್ಯದ ಕಡೆಯಿಂದ ಬಂದ ದಾರಿಯೂ ಹಳೆಯದೇ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ದಿನಚರಿ, ಕಾಗದ, ಟೆಲಿಗ್ರಾಂಗಳ ಕಟ್ಟಿನಂತೆ ರಚನೆಯಾಗಿದೆ. ಮರುವರ್ಷ ಬಂದ ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಓದಿದವರು ದೆವ್ವ ಇತ್ತೇ, ಅಥವಾ ನೋಡಿದವಳ ಮನಸ್ಸು ಕೆಟ್ಟಿತ್ತೇ ಎಂದು ಇಂದಿಗೂ ವಾದಿಸುತ್ತಾರೆ. ಶರ್ಲಿ ಜ್ಯಾಕ್ಸನ್‌ಳ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959) ಕಾದಂಬರಿಯ ಮನೆಯಲ್ಲಿ ಒಂದು ಮೂಲೆಯೂ ಸರಿಯಾದ ಮೂಲೆಮಟ್ಟಕ್ಕೆ ಬರುವುದಿಲ್ಲ. ಅಲ್ಪಸ್ವಲ್ಪ ಓರೆ, ಎಲ್ಲ ಕಡೆ. ಡ್ಯಾನಿಯೆಲೆವ್‌ಸ್ಕಿಯ ಕಾಲು ಇಂಚಿನ ಹಿಂದೆ ಆ ಓರೆಗೋಡೆಗಳಿವೆ. ಎರಡು ದಾರಿಗಳೂ ಕೂಡಿದ ಜಾಗದಲ್ಲಿ ‘ಹೌಸ್ ಆಫ್ ಲೀವ್ಸ್’ ನಿಂತಿದೆ.

ಕಥೆಯೊಳಗೆ ಕಥೆ, ಅದರ ಕೆಳಗೆ ಟಿಪ್ಪಣಿ

ಈ ಪುಸ್ತಕದ ರಚನೆ ಮೊದಲೇ ಗೊತ್ತಿದ್ದರೆ ಭಯವೇನೂ ಕಡಿಮೆಯಾಗುವುದಿಲ್ಲ. ಓದು ಮಾತ್ರ ಸುಲಭವಾಗುತ್ತದೆ. ನಡುವಿನಲ್ಲಿರುವುದು ಮನೆಯ ಕಥೆ. ವಿಲ್ ನೇವಿಡ್ಸನ್ ಪುಲಿಟ್ಜರ್ ಗೆದ್ದ ಪತ್ರಿಕಾ ಛಾಯಾಗ್ರಾಹಕ. ಸಂಗಾತಿ ಕ್ಯಾರೆನ್ ಮತ್ತು ಇಬ್ಬರು ಮಕ್ಕಳೊಂದಿಗೆ ನೆಮ್ಮದಿಯ ಬದುಕು ಕಟ್ಟಿಕೊಳ್ಳಲು ಬಂದವನು ಮನೆಯ ತುಂಬ ಕ್ಯಾಮೆರಾ ಇಟ್ಟಿದ್ದಾನೆ. ಕಾಲು ಇಂಚಿನ ನಂತರ ಒಂದು ಬಾಗಿಲು ಮೂಡುತ್ತದೆ, ಬಾಗಿಲಾಚೆ ತಣ್ಣನೆಯ ಬೂದುಗೋಡೆಗಳ ಓಣಿ, ಓಣಿಯಾಚೆ ತುದಿ ಕಾಣದ ಹಜಾರ, ಅದರಾಚೆ ಕೆಳಕ್ಕಿಳಿಯುವ ಸುರುಳಿ ಮೆಟ್ಟಿಲು. ಅವನು ತೆಗೆದ ಸಾಕ್ಷ್ಯಚಿತ್ರದ ಬಗ್ಗೆ ಜಂಪಾನೋ ಎಂಬ ಮುದುಕ ದೊಡ್ಡ ವಿಮರ್ಶಾಗ್ರಂಥ ಬರೆದಿಟ್ಟು ಸತ್ತಿದ್ದಾನೆ. ಜಂಪಾನೋ ಕುರುಡ. ಸಾಲದ್ದಕ್ಕೆ, ಅವನು ಯಾವ ಸಿನಿಮಾದ ಬಗ್ಗೆ ಬರೆದನೋ ಅದು ಎಲ್ಲೂ ಇಲ್ಲ. ಆ ಹಸ್ತಪ್ರತಿ ಲಾಸ್ ಏಂಜಲೀಸ್‌ನಲ್ಲಿ ಹಚ್ಚೆ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಜಾನಿ ಟ್ರುವಂಟ್ ಕೈಗೆ ಬರುತ್ತದೆ. ಅವನು ಅದನ್ನು ಜೋಡಿಸುತ್ತ, ಅಡಿಟಿಪ್ಪಣಿಗಳಲ್ಲಿ ತನ್ನ ಬದುಕು ಕುಸಿಯುವುದನ್ನೂ ಬರೆಯುತ್ತಾನೆ. ಅವನ ಮೇಲೆ ಹೆಸರಿಲ್ಲದ ಸಂಪಾದಕರು. ಅನುಬಂಧದಲ್ಲಿ ಮಾನಸಿಕ ಆಸ್ಪತ್ರೆಯಲ್ಲಿದ್ದ ಜಾನಿಯ ತಾಯಿ ಪೆಲಫೀನಾ ಮಗನಿಗೆ ಬರೆದ ಕಾಗದಗಳು. ಒಬ್ಬೊಬ್ಬರ ಮಾತಿಗೂ ಬೇರೆ ಬೇರೆ ಅಚ್ಚಕ್ಷರ. ಬಣ್ಣದ ಮುದ್ರಣಗಳಲ್ಲಿ ಮನೆ ಎಂಬ ಪದ ಬಂದಲ್ಲೆಲ್ಲ ನೀಲಿ.

ಟಿಪ್ಪಣಿಗಳಲ್ಲಿ ನಿಜವಾದ ಪುಸ್ತಕಗಳ ಹೆಸರಿನ ಪಕ್ಕದಲ್ಲೇ ಹುಟ್ಟಿಸಿದ ಪುಸ್ತಕಗಳ ಹೆಸರುಗಳಿವೆ. ಸ್ಟೀಫನ್ ಕಿಂಗ್, ಸ್ಟ್ಯಾನ್ಲಿ ಕ್ಯೂಬ್ರಿಕ್ ಮೊದಲಾದವರು ಕೊಟ್ಟರೆಂಬ ಕಲ್ಪಿತ ಸಂದರ್ಶನಗಳಿವೆ. ಪುಸ್ತಕದ ಆರಂಭದಲ್ಲೇ ಜಾನಿ, ಮುದುಕನ ವಾಕ್ಯಕ್ಕೆ ತಾನೊಂದು ಪದ ಸೇರಿಸಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. ಒಂದೇ ಒಂದು ಪದ. ಅಲ್ಲಿಂದ ಮುಂದೆ ಯಾವ ಸಾಲು ಯಾರದೆಂದು ಹೇಳುವುದು ಕಷ್ಟ. ಮನೆಯ ಅಳತೆಯಲ್ಲಿ ಬಂದ ಬಿರುಕು ಪುಸ್ತಕದ ನಂಬಿಕೆಯಲ್ಲೂ ಬರುವುದು ಹೀಗೆ.

ಕೈಗೆ ಕಾಲಿಗೆ ಬರುವ ಭಯ

ಇಂಥ ಕಾದಂಬರಿಯಿಂದ ಓದುಗ ಮೊದಲು ನಿರೀಕ್ಷಿಸಬೇಕಾದದ್ದು ಹೊಸ ಬಗೆಯ ಭಯ. ಸಾಮಾನ್ಯ ಭಯಾನಕ ಕಥೆ ಮುಂದೇನು ಎಂಬ ಕುತೂಹಲದ ಮೇಲೆ ನಡೆಯುತ್ತದೆ. ಇಲ್ಲಿ ಈಗ ಎಲ್ಲಿದ್ದೇನೆ ಎಂಬ ಕಂಗಾಲು ಮುಖ್ಯ. ಒಂಬತ್ತನೆಯ ಅಧ್ಯಾಯದಲ್ಲಿ ಅನ್ವೇಷಕರು ಓಣಿಗಳಲ್ಲಿ ದಾರಿ ತಪ್ಪುವಾಗ ಪುಟವೂ ದಾರಿ ತಪ್ಪುತ್ತದೆ. ಟಿಪ್ಪಣಿ ಇನ್ನೊಂದು ಟಿಪ್ಪಣಿಗೆ ಕಳಿಸುತ್ತದೆ, ಅದು ಹಿಂದಿನ ಪುಟಕ್ಕೆ, ಅದು ಮತ್ತೆ ಮೊದಲಿದ್ದಲ್ಲಿಗೆ. ಕೆಲವು ಸಾಲು ತಲೆಕೆಳಗು, ಕೆಲವು ಅಡ್ಡ. ಪುಟದ ನಡುವೆ ನೀಲಿ ಗೆರೆಯ ಚೌಕವೊಂದರಲ್ಲಿ ಆ ಓಣಿಗಳಲ್ಲಿ ಏನೇನು ಇಲ್ಲ ಎಂಬುದರ ಪಟ್ಟಿ ಪುಟದಿಂದ ಪುಟಕ್ಕೆ ಸಾಗುತ್ತದೆ. ಹಾಳೆ ತಿರುಗಿಸಿದರೆ ಅದೇ ಚೌಕದಲ್ಲಿ ಅದೇ ಪಟ್ಟಿ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿದೆ, ಕಾಗದ ಗಾಜಾಗಿ ಬಿಟ್ಟಿದೆಯೋ ಎಂಬಂತೆ. ಓದುಗ ಪುಸ್ತಕವನ್ನು ತಿರುಗಿಸಬೇಕು, ಹಿಂದಕ್ಕೆ ಹೋಗಬೇಕು, ಬೆರಳಿಟ್ಟು ಗುರುತು ಕಾಯಬೇಕು. ಪಾತ್ರಗಳು ಪಡುವ ದಣಿವು ನಮ್ಮ ಕೈಗೂ ಕಣ್ಣಿಗೂ ಬರುತ್ತದೆ.

ಮುಂದಿನ ಅಧ್ಯಾಯದಲ್ಲಿ, ಅವಸರದಲ್ಲಿ ಜೀವ ಉಳಿಸಲು ಓಡುವ ಹೊತ್ತಿಗೆ, ಪುಟಕ್ಕೆ ಕೆಲವೇ ಪದಗಳು. ಹಾಳೆಗಳು ಸರಸರನೆ ಮಗುಚುತ್ತವೆ, ಉಸಿರು ಮೇಲೇರುತ್ತದೆ. ಇಡೀ ದಿನ ಹತ್ತು ಪುಟದಲ್ಲಿ ಸಿಕ್ಕಿಕೊಂಡಿದ್ದವರು ಒಂದು ಗಳಿಗೆಯಲ್ಲಿ ಅರವತ್ತು ಪುಟ ದಾಟುತ್ತಾರೆ. ವೇಗದ ಈ ಏರಿಳಿತವನ್ನು ವಿವರಣೆಯಿಂದ ಸಾಧಿಸಲಾಗದು, ಪುಟದ ವಿನ್ಯಾಸದಿಂದ ಮಾತ್ರ ಸಾಧ್ಯ. ಪ್ರಯೋಗವನ್ನು ತೂಗುವ ಮೊದಲ ಅಳತೆಗೋಲನ್ನು ಇಲ್ಲಿಂದಲೇ ತೆಗೆದುಕೊಳ್ಳಬಹುದು: ಆಕಾರವು ಪಾತ್ರದ ಪಾಡನ್ನು ಓದುಗನ ಪಾಡಾಗಿಸಿದರೆ ಅದು ಸಾರ್ಥಕ. ಬರಿದೇ ವಿಚಿತ್ರವಾಗಿ ಕಂಡರೆ ಅಲಂಕಾರ.

ಭಯದ ಅಡಿಯಲ್ಲಿ ದುಃಖ ಇರುವುದನ್ನೂ ಓದುಗ ನಿರೀಕ್ಷಿಸಬೇಕು. ನೇವಿಡ್ಸನ್‌ಗೆ ಪ್ರಶಸ್ತಿ ತಂದದ್ದು ಹಸಿವಿನಿಂದ ಸಾಯುತ್ತಿರುವ ಸುಡಾನಿನ ಹುಡುಗಿಯ ಚಿತ್ರ. ಅವಳ ಹೆಸರು ಅವನನ್ನು ಕಾಡುವುದು ನಿಲ್ಲುವುದಿಲ್ಲ. ದಕ್ಷಿಣ ಆಫ್ರಿಕಾದ ಛಾಯಾಗ್ರಾಹಕ ಕೆವಿನ್ ಕಾರ್ಟರ್ 1993ರಲ್ಲಿ ಸುಡಾನಿನಲ್ಲಿ ತೆಗೆದ ಮಗು ಮತ್ತು ರಣಹದ್ದಿನ ಚಿತ್ರ, 1994ರಲ್ಲಿ ಅದಕ್ಕೆ ಸಿಕ್ಕ ಪುಲಿಟ್ಜರ್, ಅದೇ ವರ್ಷ ಕಾರ್ಟರ್ ಮಾಡಿಕೊಂಡ ಆತ್ಮಹತ್ಯೆ ಈ ಪಾತ್ರದ ಹಿಂದಿವೆ. ನೋಡಿದೆ, ಕ್ಲಿಕ್ಕಿಸಿದೆ, ಉಳಿಸಲಿಲ್ಲ ಎಂಬ ನೋವು ಹೊತ್ತವನು ಕತ್ತಲೆಯ ಓಣಿಗೆ ಮತ್ತೆ ಮತ್ತೆ ಹೋಗುವುದು ಬರೀ ಸಾಹಸವಾಗಿ ಕಾಣುವುದಿಲ್ಲ. ಜಾನಿಗೆ ತಾಯಿ, ಕ್ಯಾರೆನ್‌ಗೆ ಬಾಲ್ಯ, ಮುದುಕನಿಗೆ ಹೇಳದೆ ಉಳಿದ ಯಾವುದೋ ನಷ್ಟ. ಎಲ್ಲರ ಒಳಗೂ ಹೊರಗಿನ ಅಳತೆಗೆ ಸಿಗದಷ್ಟು ದೊಡ್ಡ ಜಾಗವಿದೆ. ಇದು ತಿಳಿದ ಮೇಲೆ ಮನೆಯ ಕಾಲು ಇಂಚು ಚಮತ್ಕಾರವಾಗಿ ಉಳಿಯುವುದಿಲ್ಲ.

ಬಿಡಿಸುವ ಒಗಟು, ಬಿಡಿಸಲಾಗದ ಒಗಟು

ಒಗಟಿನ ಕಾದಂಬರಿಗಳೆಲ್ಲ ಒಂದೇ ಜಾತಿಯವಲ್ಲ. ಇದನ್ನು ಗುರುತಿಸದೆ ಹೋಗುವುದರಿಂದಲೇ ಅರ್ಧ ನಿರಾಸೆ ಹುಟ್ಟುತ್ತದೆ. ಎಡ್ವರ್ಡ್ ಪೋವಿಸ್ ಮ್ಯಾದರ್ಸ್ 1934ರಲ್ಲಿ ಬರೆದ ‘ಕೇನ್ಸ್ ಜಾಬೋನ್’ ನೂರು ಪುಟಗಳ ಕೊಲೆಕಥೆ. ಪುಟಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಅಚ್ಚು ಹಾಕಿದೆ. ಸರಿಯಾದ ಕ್ರಮ ಒಂದೇ, ಕೊಲೆಗಳು ಆರು, ಕೊಂದವರ ಮತ್ತು ಸತ್ತವರ ಹೆಸರನ್ನು ಕಂಡುಹಿಡಿಯಬೇಕು. ಆ ಕಾಲದಲ್ಲಿ ಬಿಡಿಸಿದವರು ಇಬ್ಬರು. 2019ರಲ್ಲಿ ಮರುಮುದ್ರಣವಾದ ಮೇಲೆ ಜಾನ್ ಫಿನ್ನೆಮೋರ್ ಎಂಬ ಬ್ರಿಟಿಷ್ ಹಾಸ್ಯಲೇಖಕ ಮತ್ತೆ ಬಿಡಿಸಿದರು. ಇಲ್ಲಿ ಉತ್ತರ ಇದ್ದೇ ಇದೆ, ಅದನ್ನು ಕೇಳುವ ಹಕ್ಕು ಓದುಗನಿಗಿದೆ. ಮುಖವಾಡ ಧರಿಸಿ ಕಾಣಿಸಿಕೊಳ್ಳುವ ಜಪಾನಿನ ಲೇಖಕ ಉಕೆತ್ಸುವಿನ ‘ಸ್ಟ್ರೇಂಜ್ ಹೌಸಸ್’ ಜಪಾನಿಯಲ್ಲಿ 2021ರಲ್ಲಿ ಬಂದು, 2025ರಲ್ಲಿ ಇಂಗ್ಲಿಷಿಗೂ ಬಂತು. ಅದರಲ್ಲಿ ಮನೆಯ ನಕ್ಷೆಗಳೇ ಸುಳಿವು. ಗೋಡೆಗಳ ನಡುವೆ ಕಾರಣವಿಲ್ಲದೆ ಮುಚ್ಚಿಟ್ಟ ಜಾಗವನ್ನು ನೋಡಿ ಪ್ರಶ್ನೆ ಕೇಳುತ್ತ ಹೋದರೆ ಒಂದು ಭೀಕರ ಸತ್ಯಕ್ಕೆ ತಲುಪುತ್ತೇವೆ. ಅಲ್ಲಿಯೂ ಬಾಗಿಲು ತೆರೆಯುತ್ತದೆ.

ಡಗ್ ಡಾರ್ಸ್ಟ್ ಮತ್ತು ಜೆ. ಜೆ. ಏಬ್ರಮ್ಸ್‌ರ ‘ಎಸ್.’ (2013) ನಡುವಿನ ಜಾತಿ. ಹಳೆಯ ಗ್ರಂಥಾಲಯ ಪುಸ್ತಕದ ವೇಷದಲ್ಲಿರುವ ಆ ಕಾದಂಬರಿಯ ಅಂಚುಗಳಲ್ಲಿ ಇಬ್ಬರು ಓದುಗರು ಬೇರೆ ಬೇರೆ ಬಣ್ಣದ ಮಸಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಪುಟಗಳ ನಡುವೆ ನಿಜವಾದ ಪೋಸ್ಟ್‌ಕಾರ್ಡು, ಕಾಗದ, ಕರವಸ್ತ್ರದ ಕಾಗದದಲ್ಲಿ ಬರೆದ ನಕ್ಷೆ. ಕೆಲವು ಸಂಕೇತಗಳು ಬಿಡುತ್ತವೆ, ಆ ಹಳೆಯ ಪುಸ್ತಕದ ಲೇಖಕ ಯಾರೆಂಬ ದೊಡ್ಡ ಪ್ರಶ್ನೆ ಪೂರ್ತಿ ಬಿಡುವುದಿಲ್ಲ.

‘ಹೌಸ್ ಆಫ್ ಲೀವ್ಸ್’ ಮೂರನೆಯ ಜಾತಿ. ಅದರಲ್ಲಿ ಬಿಡಿಸಬಹುದಾದ ಸಂಕೇತಗಳು ಧಾರಾಳವಾಗಿವೆ. ಪೆಲಫೀನಾ ಒಂದು ಕಾಗದದಲ್ಲಿ, ಮುಂದಿನ ಕಾಗದದ ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿ ಓದು ಎನ್ನುತ್ತಾಳೆ. ಜೋಡಿಸಿದರೆ ಆಸ್ಪತ್ರೆಯಲ್ಲಿ ತನ್ನ ಮೇಲೆ ನಡೆಯುತ್ತಿದೆ ಎಂದು ಅವಳು ಹೇಳುವ ಹಿಂಸೆಯ ವಿವರ ಹೊರಬರುತ್ತದೆ. ಅಕ್ಷರ ಅಕ್ಷರವಾಗಿ ಅದನ್ನು ತೆಗೆಯುವವರು ಅರ್ಧದಲ್ಲಿ ನಿಲ್ಲಿಸಲಾರರು, ಮುಂದುವರಿಯಲೂ ಕೈ ನಡುಗುತ್ತದೆ. ಮಗನ ಕೆಲಸವನ್ನು ತಾಯಿ ನಮ್ಮಿಂದ ಮಾಡಿಸುತ್ತಾಳೆ. ಕಾಗದ ತಲುಪಿದ ಗುರುತಿಗೆ ಪುಟದ ಬಲ ಕೆಳಮೂಲೆಯಲ್ಲಿ ಸರಿಗುರುತು ಹಾಕು ಎಂದೂ ಕೇಳುತ್ತಾಳೆ. ಕಾದಂಬರಿಯ 97ನೆಯ ಪುಟದ ಬಲ ಕೆಳಮೂಲೆಯಲ್ಲಿ ಅಂಥ ಗುರುತೊಂದು ಸದ್ದಿಲ್ಲದೆ ಕುಳಿತಿದೆ. ಇನ್ನೊಂದು ಕಾಗದದಲ್ಲಿ ಅಡಗಿರುವ ಅಕ್ಷರಗಳನ್ನು ಕೂಡಿಸಿದರೆ, ಅವಳಿಗೆ ತಿಳಿದಿರಲು ಸಾಧ್ಯವೇ ಇಲ್ಲದ ಜಂಪಾನೋನ ಹೆಸರು ಬರುತ್ತದೆ.

ಹಾಗಾದರೆ ಇಡೀ ಪುಸ್ತಕವನ್ನು ಬರೆದವಳು ತಾಯಿಯೇ? ಮುದುಕನನ್ನು ಜಾನಿ ಹುಟ್ಟಿಸಿದನೇ, ಜಾನಿಯನ್ನು ಮುದುಕ ಹುಟ್ಟಿಸಿದನೇ? ಪ್ರತಿಯೊಂದಕ್ಕೂ ಸಾಕ್ಷಿಯಿದೆ, ಪ್ರತಿಯೊಂದರ ವಿರುದ್ಧವೂ ಸಾಕ್ಷಿಯಿದೆ. ಸಣ್ಣ ಬೀಗಗಳೆಲ್ಲ ತೆರೆಯುತ್ತವೆ, ತೆರೆದ ಪ್ರತಿ ಬಾಗಿಲೂ ಇನ್ನೊಂದು ಓಣಿಗೆ ಹೋಗುತ್ತದೆ. ಉತ್ತರ ಕೊಡದ ಈ ನಿಲುವು ಲೇಖಕನ ಸೋಮಾರಿತನದಿಂದ ಬಂದದ್ದಲ್ಲ ಎಂಬುದಕ್ಕೆ ಸಂಕೇತಗಳ ಶಿಸ್ತೇ ಸಾಕ್ಷಿ. ಒಂದು ಉತ್ತರ ಕೊಟ್ಟಿದ್ದರೆ ಮನೆಗೊಂದು ಗಾತ್ರ ಬಂದುಬಿಡುತ್ತಿತ್ತು, ಗಾತ್ರ ಬಂದ ಮನೆ ಹೆದರಿಸುವುದಿಲ್ಲ.

ಭಯ ಮತ್ತು ಒಗಟಿನ ಈ ನಂಟು ಕನ್ನಡದ ಓದುಗರಿಗೆ ಬಾಲ್ಯದಿಂದಲೇ ಗೊತ್ತು. ‘ಚಂದಮಾಮ’ದ ಪುಟಗಳಲ್ಲಿ ವಿಕ್ರಮನ ಹೆಗಲೇರಿದ ಬೇತಾಳ ಕಥೆ ಹೇಳಿ ಪ್ರಶ್ನೆ ಹಾಕುತ್ತಿತ್ತು. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೂ ಸೇರಿರುವ ಆ ಕಥಾಮಾಲೆಯ ನಿಯಮ ವಿಶಿಷ್ಟ. ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ, ಉತ್ತರ ಹೇಳಿದರೆ ಬೇತಾಳ ಮರಕ್ಕೆ ಹಾರುತ್ತದೆ, ರಾಜ ಸ್ಮಶಾನಕ್ಕೆ ಮರಳಬೇಕು. ಸರಿಯಾದ ಉತ್ತರವೇ ಅವನನ್ನು ಮೊದಲಿದ್ದಲ್ಲಿಗೆ ತಳ್ಳುತ್ತದೆ. ಕೊನೆಯ ಪ್ರಶ್ನೆಗೆ, ತಂದೆಯೊಬ್ಬ ಬೇರೊಬ್ಬರ ಮಗಳನ್ನೂ ಅವನ ಮಗ ಅವಳ ತಾಯಿಯನ್ನೂ ಮದುವೆಯಾದಾಗ ಅವರಿಗೆ ಹುಟ್ಟುವ ಮಕ್ಕಳ ಸಂಬಂಧವೇನು ಎಂಬ ಪ್ರಶ್ನೆಗೆ, ರಾಜನಿಗೆ ಉತ್ತರ ತೋಚುವುದಿಲ್ಲ. ಆ ಮೌನದಿಂದಲೇ ಬೇತಾಳ ಒಲಿಯುತ್ತದೆ, ಕಥೆ ಮುಂದೆ ಸಾಗುತ್ತದೆ. ಕುಮುದೇಂದು ಮುನಿಯ ‘ಸಿರಿಭೂವಲಯ’ದ ನೆನಪೂ ಇಲ್ಲಿ ಸಲ್ಲುತ್ತದೆ. 27 ಅಡ್ಡಸಾಲು, 27 ಉದ್ದಸಾಲಿನ ಚೌಕಗಳಲ್ಲಿ ಅಂಕಿ ತುಂಬಿ, ನಡೆಯುವ ದಾರಿ ತಿಳಿದವರಿಗೆ ಮಾತ್ರ ಕಾವ್ಯ ಕಾಣುವಂತೆ ಕಟ್ಟಿದ ಗ್ರಂಥ ಅದು. ದಾರಿ ಹುಡುಕಿ ಓದುವುದು, ಉತ್ತರ ಸಿಗದಲ್ಲಿ ನಿಂತು ಯೋಚಿಸುವುದು, ಎರಡೂ ನಮ್ಮ ಪರಂಪರೆಗೆ ಹೊರತಲ್ಲ.

ದೂರುಗಳನ್ನು ಕೇಳೋಣ

ಇಂಥ ಪುಸ್ತಕಗಳ ಮೇಲಿನ ದೂರುಗಳಲ್ಲಿ ಹುರುಳಿದೆ. ‘ಹೌಸ್ ಆಫ್ ಲೀವ್ಸ್’ನಲ್ಲಿ ಪುಟಗಟ್ಟಲೆ ಹೆಸರುಗಳ ಪಟ್ಟಿಗಳಿವೆ. ಪಂಡಿತರ ಅತಿಬರಹವನ್ನು ತೋರಿಸಲೆಂದೇ ಅವು ಬಂದಿದ್ದರೂ ದೀರ್ಘವಾದವು ಎಂಬ ಮಾತನ್ನು ಅಲ್ಲಗಳೆಯಲಾಗದು. ಜಾನಿಯ ಮಾದಕ ವಸ್ತು, ಕುಡಿತ, ಹೆಣ್ಣುಗಳ ವರ್ಣನೆಗಳು ಅನೇಕರಿಗೆ ಅಸಹ್ಯ ತರಿಸುತ್ತವೆ. ಅವನು ಹೇಳುವ ಹೆಂಗಸರಲ್ಲಿ ಬಹುಪಾಲು ಮುಖವಿಲ್ಲದವರು. ಅವನ ಮಾತು ನಂಬುವಂಥದ್ದಲ್ಲ ಎಂಬ ಸಮಾಧಾನ ಅರ್ಧ ಮಾತ್ರ ಒಪ್ಪುವಂಥದ್ದು. ಅವನ ತಾಯಿಯ ಕಾಗದಗಳಿಗೆ ಬಂದಾಗ ಈ ಕೊರತೆ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಪುಸ್ತಕದ ಅತ್ಯಂತ ಜೀವಂತ ದನಿ ಅವಳದು. ಆ ಕಾಗದಗಳು 2000ದಲ್ಲೇ ಪ್ರತ್ಯೇಕ ಪುಸ್ತಕವಾಗಿಯೂ ಬಂದವು.

ಪ್ರಯೋಗ ಎಂಬ ಹೆಸರಿದ್ದ ಮಾತ್ರಕ್ಕೆ ಓದುಗ ತಲೆಬಾಗಬೇಕಿಲ್ಲ. ಡ್ಯಾನಿಯೆಲೆವ್‌ಸ್ಕಿಯ ನಂತರದ ‘ಓನ್ಲಿ ರೆವಲ್ಯೂಷನ್ಸ್’ (2006) ಎರಡೂ ತುದಿಯಿಂದ ಓದಬೇಕಾದ, ಇನ್ನೂ ಕಟ್ಟುನಿಟ್ಟಾದ ರಚನೆ. ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಕೊನೆಯ ಸುತ್ತಿಗೆ ಬಂದಿತ್ತು. ನನ್ನ ಓದಿನಲ್ಲಿ ಅದರ ಲೆಕ್ಕಾಚಾರ ಮನಸ್ಸಿಗೆ ಬಂದಷ್ಟು ಅದರ ಪ್ರೇಮಿಗಳು ಬರಲಿಲ್ಲ. 27 ಸಂಪುಟಗಳೆಂದು ಯೋಜಿಸಿದ್ದ ‘ದಿ ಫ್ಯಾಮಿಲಿಯರ್’ 2015ರಿಂದ 2017ರ ನಡುವೆ ಐದು ಸಂಪುಟ ಕಂಡು ನಿಂತಿತು. ಆಕಾರದ ಸಾಹಸಕ್ಕೆ ಓದುಗನ ಪ್ರೀತಿ ಜೊತೆಯಾಗದಿದ್ದರೆ ದೂರ ಸಾಗುವುದು ಕಷ್ಟ.

ಓದುವ ಬಗೆ

ಕಾಗದದ ಪುಸ್ತಕವನ್ನೇ ಹಿಡಿಯಿರಿ, ಸಾಧ್ಯವಾದರೆ ಬಣ್ಣದ ಮುದ್ರಣವನ್ನು. ಅಮೆರಿಕದ ಪೇಪರ್‌ಬ್ಯಾಕ್ ಆವೃತ್ತಿಯ ಮುಂದಿನ ರಕ್ಷಾಪುಟ ಒಳಹಾಳೆಗಳಿಗಿಂತ ಅಗಲದಲ್ಲಿ ಕಿರಿದು. ಹೊರಗಿಗಿಂತ ಒಳಗು ದೊಡ್ಡದಾದ ಮನೆಯನ್ನು ಕೈಯಲ್ಲೇ ಹಿಡಿದಂತಾಗುತ್ತದೆ. ಪರದೆಯ ಮೇಲೆ ಈ ಅನುಭವ ಇಲ್ಲ. ಎರಡು ಪುಟಗುರುತು ಇಟ್ಟುಕೊಳ್ಳಿ, ಒಂದು ಕಥೆಗೆ, ಇನ್ನೊಂದು ಟಿಪ್ಪಣಿಗೆ. ಜಾನಿಯ ಟಿಪ್ಪಣಿಗಳನ್ನು ಬಂದಲ್ಲೇ ಓದಿ, ಏಕೆಂದರೆ ಅವು ಕಥೆಯನ್ನು ಎಲ್ಲಿ ಕಡಿಯುತ್ತವೆ ಎಂಬುದಕ್ಕೂ ಅರ್ಥವಿದೆ. ಹೆಸರುಗಳ ಪಟ್ಟಿಯನ್ನು ಕಣ್ಣಾಡಿಸಿ ದಾಟಿದರೆ ಪಾಪವಿಲ್ಲ. ತಾಯಿಯ ಕಾಗದಗಳನ್ನು ಸಂಪಾದಕರ ಟಿಪ್ಪಣಿ ಸೂಚಿಸುವಲ್ಲೇ ಹೋಗಿ ಓದಿ ಬನ್ನಿ. ಆಮೇಲೆ ಜಾನಿಯ ಒರಟುತನದ ಹಿಂದೆ ಮಗುವೊಂದು ಕಾಣಿಸುತ್ತದೆ. ಮೊದಲ ಓದಿನಲ್ಲಿ ಸಂಕೇತಗಳ ಬೆನ್ನು ಹತ್ತುವುದು ಬೇಡ, ಎರಡನೆಯದಕ್ಕೆ ಅವು ಕಾಯುತ್ತವೆ. ಸ್ವಾರಸ್ಯದ ಸಂಗತಿಯೊಂದಿದೆ: ಡ್ಯಾನಿಯೆಲೆವ್‌ಸ್ಕಿಯ ತಂಗಿ, ಪೋ ಎಂಬ ಹೆಸರಿನ ಗಾಯಕಿ, ಅದೇ 2000ದಲ್ಲಿ ತಂದ ‘ಹಾಂಟೆಡ್’ ಧ್ವನಿಸುರುಳಿ ಈ ಕಾದಂಬರಿಯ ಜೊತೆ ಮಾತಾಡುತ್ತದೆ. ಇಬ್ಬರಿಗೂ ತೀರಿಹೋದ ತಂದೆಯ ನೆನಪು ಆಧಾರ. ಓದು ಮುಗಿದ ಮೇಲೆ ಅದನ್ನು ಕೇಳಿದರೆ ಮನೆಯೊಳಗಿನ ಕತ್ತಲು ಯಾವುದರಿಂದ ಹುಟ್ಟಿತು ಎಂಬ ಅಂದಾಜು ಸಿಗುತ್ತದೆ.

ಓದುಗ ಕೊಡಬೇಕಾದ್ದು ಸಮಯ, ತಾಳ್ಮೆ, ಮೈಯ ದುಡಿಮೆ. ಅಷ್ಟು ಕೊಟ್ಟವರು ಮೂರನ್ನು ಕೇಳಿ ಪಡೆಯಲಿ. ಮೊದಲನೆಯದು, ಆಕಾರದ ಪ್ರತಿಯೊಂದು ವಿಚಿತ್ರಕ್ಕೂ ಅನುಭವದಲ್ಲಿ ಕಾರಣ. ಎರಡನೆಯದು, ಒಗಟು ಬಿಡದಿದ್ದರೂ ಅದನ್ನು ಕಟ್ಟುವುದರಲ್ಲಿ ಪ್ರಾಮಾಣಿಕತೆ, ಅಂದರೆ ಹುಡುಕಿದವರಿಗೆ ಸಿಗುವ ನಿಜವಾದ ಸುಳಿವುಗಳು. ಮೂರನೆಯದು, ಸುಳಿವುಗಳೆಲ್ಲ ಮುಗಿದ ಮೇಲೂ ಮನಸ್ಸಿನಲ್ಲಿ ಉಳಿಯುವ ಮನುಷ್ಯರು. ಉತ್ತರವನ್ನು ಮಾತ್ರ ಕೇಳುವುದು ಬೇಡ. ಉತ್ತರ ಕೊಡುವ ಪುಸ್ತಕಗಳು ಬೇಕಾದಷ್ಟಿವೆ, ಅವುಗಳ ಸುಖವೂ ದೊಡ್ಡದೇ. ಈ ಬಗೆಯ ಕಾದಂಬರಿ ಬೇರೊಂದು ಕೆಲಸಕ್ಕೆ ಹುಟ್ಟಿದೆ: ನಷ್ಟವನ್ನು ಅಳೆಯಲು ಹೊರಟವರ ಟೇಪು ಎಲ್ಲಿ ಸಾಲದಾಗುತ್ತದೆ ಎಂಬುದನ್ನು ತೋರಿಸುವುದಕ್ಕೆ. ಅದನ್ನು ತೋರಿಸಿದರೆ ಅದು ನಮ್ಮ ಶ್ರಮಕ್ಕೆ ಯೋಗ್ಯ. ತೋರಿಸದಿದ್ದರೆ, ಎಷ್ಟೇ ಅಕ್ಷರ ತಲೆಕೆಳಗಾಗಿರಲಿ, ಅದನ್ನು ಕೆಳಗಿಟ್ಟು ಬೇರೆ ಪುಸ್ತಕ ತೆಗೆದುಕೊಳ್ಳುವ ಸ್ವಾತಂತ್ರ್ಯ ಓದುಗನಿಗೆ ಯಾವಾಗಲೂ ಇದೆ.